ಒಂದು ಪ್ಯಾಲೆಟ್ ಮೇಲೆ ಎಷ್ಟು ಬಾಕ್ಸ್ ಕೂರುತ್ತವೆ? ಲೆಕ್ಕ ಹಾಕುವ ಕ್ರಮ

ಚನ್ನಪಟ್ಟಣದ ಗೊಂಬೆಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಸಣ್ಣ ಘಟಕದಲ್ಲಿ ನಾನು ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದೆ. ಮೊದಲ ಸಲ 600 ಬಾಕ್ಸ್‌ಗಳ ಆರ್ಡರ್ ಬಂತು. ಬಾಕ್ಸ್ 400 × 300 ಮಿ.ಮೀ., ಪ್ಯಾಲೆಟ್ (ಬಾಕ್ಸ್‌ಗಳನ್ನು ಜೋಡಿಸಿ ಫೋರ್ಕ್‌ಲಿಫ್ಟ್‌ನಿಂದ ಎತ್ತುವ ಹಲಗೆಯ ಮಣೆ) 1200 × 1000 ಮಿ.ಮೀ. ಒಂದು ಪದರಕ್ಕೆ 10 ಬಾಕ್ಸ್, ಆರು ಪದರ, ಅಂದರೆ ಪ್ಯಾಲೆಟ್‌ಗೆ 60. ಹತ್ತು ಪ್ಯಾಲೆಟ್ ಆದರೆ ಒಂದು 20 ಅಡಿ ಕಂಟೇನರ್ ಸರಿಯಾಗಿ ತುಂಬುತ್ತದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಲೋಡಿಂಗ್ ದಿನ ನೋಡಿದರೆ ಪದರಕ್ಕೆ 8 ಬಾಕ್ಸ್ ಮಾತ್ರ ಕೂತವು. ಕಂಟೇನರ್ ಬಾಗಿಲು ಹಾಕಿದಾಗ 120 ಬಾಕ್ಸ್ ಗೋಡೌನಿನಲ್ಲೇ ಉಳಿದಿದ್ದವು.

ಆಗಿದ್ದು ಇಷ್ಟೇ. ಬಾಕ್ಸ್ ಮಾಡಿಕೊಟ್ಟವರು 400 × 300 ಅನ್ನೋದನ್ನು ಒಳ ಅಳತೆ ಅಂತ ತಗೊಂಡಿದ್ದರು. ನಾನು ಹೊರ ಅಳತೆ ಅಂದುಕೊಂಡಿದ್ದೆ. 5 ಪ್ಲೈ (ಐದು ಹಾಳೆಯ) ರಟ್ಟಿನ ದಪ್ಪ ಎರಡೂ ಕಡೆ ಸೇರಿ ಹೊರಗಿನ ಅಳತೆ 410 × 310 ಆಗಿತ್ತು. ಒಂದೇ ಒಂದು ಸೆಂಟಿಮೀಟರ್. ಅದಕ್ಕೇ ಹತ್ತು ಹೋಗಿ ಎಂಟಾಯಿತು.

ಅವತ್ತಿನಿಂದ ನಾನು ಈ ಲೆಕ್ಕವನ್ನು ಒಂದು ಕ್ರಮದಲ್ಲಿ ಮಾಡುತ್ತೇನೆ. ಇದಕ್ಕೆ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಅಳತೆ ಟೇಪು, ಪೆನ್ಸಿಲ್ಲು, ಕತ್ತರಿ, ಸ್ವಲ್ಪ ರಟ್ಟು ಸಾಕು.

ಮೊದಲು ಪ್ಯಾಲೆಟ್ ಯಾವುದು ಅಂತ ಕೇಳಿ

ಪ್ಯಾಲೆಟ್ ಅಂದರೆ ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ. ಯೂರೋಪಿನ ಯೂರೋ ಪ್ಯಾಲೆಟ್ 1200 × 800 ಮಿ.ಮೀ. ಅದರ ಎತ್ತರ 144 ಮಿ.ಮೀ., ತೂಕ ಸುಮಾರು 25 ಕೆ.ಜಿ. ಬ್ರಿಟನ್‌ನಲ್ಲಿ 1200 × 1000 ಹೆಚ್ಚು ಬಳಕೆಯಲ್ಲಿದೆ. ಅಮೆರಿಕದಲ್ಲಿ 48 × 40 ಇಂಚು. ಜಪಾನ್, ಕೊರಿಯಾದಲ್ಲಿ 1100 × 1100. ಆಸ್ಟ್ರೇಲಿಯಾದಲ್ಲಿ 1165 × 1165. ಮಾಲು ತಗೊಳ್ಳುವವರ ಗೋಡೌನಿನ ರ‍್ಯಾಕ್ ಅವರ ಪ್ಯಾಲೆಟ್‌ಗೆ ತಕ್ಕ ಹಾಗೆ ಕಟ್ಟಿರುತ್ತದೆ. ಹಾಗಾಗಿ ನಮಗೆ ಯಾವುದು ಅನುಕೂಲ ಅಂತ ನೋಡುವುದಲ್ಲ, ಅವರಿಗೆ ಯಾವುದು ಬೇಕು ಅಂತ ಕೇಳಬೇಕು. ಕೇಳುವಾಗಲೇ ಇನ್ನೆರಡು ವಿಷಯ ಬರೆಸಿಕೊಳ್ಳಿ: ಪ್ಯಾಲೆಟ್ ಸೇರಿ ಒಟ್ಟು ಎತ್ತರ ಎಷ್ಟು ಮೀರಬಾರದು, ಒಟ್ಟು ತೂಕ ಎಷ್ಟು ಮೀರಬಾರದು.

ಇಲ್ಲಿ ಒಂದು ಮೋಸದ ಜಾಗ ಇದೆ. ನಮ್ಮಲ್ಲಿ ಎಷ್ಟೋ ಜನ 48 × 40 ಇಂಚಿನದ್ದನ್ನೂ 1200 × 1000ದ್ದನ್ನೂ ಒಂದೇ ಅನ್ನುವ ಹಾಗೆ ಮಾತಾಡುತ್ತಾರೆ. ಒಂದೇ ಅಲ್ಲ. 48 × 40 ಇಂಚು ಅಂದರೆ 1219 × 1016 ಮಿ.ಮೀ. ವ್ಯತ್ಯಾಸ ಎರಡು ಸೆಂಟಿಮೀಟರಿಗಿಂತ ಕಡಿಮೆ, ಆದರೆ 16 × 12 ಇಂಚಿನ ಬಾಕ್ಸ್ ಇಟ್ಟುಕೊಂಡು ನೋಡಿ. ಅಮೆರಿಕದ ಪ್ಯಾಲೆಟ್ ಮೇಲೆ ಅದು ಪದರಕ್ಕೆ ಅಚ್ಚುಕಟ್ಟಾಗಿ 10 ಕೂರುತ್ತದೆ. 1200 × 1000 ಪ್ಯಾಲೆಟ್ ಮೇಲೆ ಅದೇ ಬಾಕ್ಸ್ 8ಕ್ಕೆ ಇಳಿಯುತ್ತದೆ. ಇಂಚು ಬೇಕಾದರೆ ಪೂರ್ತಿ ಇಂಚಿನಲ್ಲೇ ಮಾಡಿ, ಮಿಲಿಮೀಟರ್ ಆದರೆ ಪೂರ್ತಿ ಮಿಲಿಮೀಟರಿನಲ್ಲೇ. ಬೆರೆಸಬೇಡಿ.

ಸ್ಥಳೀಯವಾಗಿ ಮಾಡಿಸಿದ ಮರದ ಪ್ಯಾಲೆಟ್ ಆದರೆ ಅದನ್ನೂ ಟೇಪು ಹಿಡಿದು ಅಳೆಯಿರಿ. ಬಿಲ್ಲಿನಲ್ಲಿ 1200 ಅಂತ ಇದ್ದದ್ದು ಕೈಗೆ ಬಂದಾಗ 1190 ಆಗಿರಬಹುದು.

ಹೊರದೇಶಕ್ಕೆ ಹೋಗುವ ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರ ಇರುವ ಮುದ್ರೆ ಇದೆಯಾ ಅಂತಲೂ ಇದೇ ಹೊತ್ತಿನಲ್ಲಿ ನೋಡಿ. ಮರದೊಳಗಿನ ಹುಳ ದೇಶ ದಾಟಬಾರದು ಅಂತ ಐಎಸ್‌ಪಿಎಂ 15 ಅನ್ನುವ ನಿಯಮ ಇದೆ. ಕಾಯಿಸುವ ವಿಧಾನದಲ್ಲಿ ಮರದ ನಡುಭಾಗದವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಾಗಿರಬೇಕು. ಹಾಗೆ ಕಾಯಿಸಿದ ಪ್ಯಾಲೆಟ್ ಮೇಲೆ ಎಚ್‌ಟಿ ಅಂತ ಒತ್ತಿರುತ್ತಾರೆ. ಮುದ್ರೆ ಇಲ್ಲದ ಮರ ಬಂದರಿನಲ್ಲೇ ನಿಂತುಬಿಡಬಹುದು. ಪ್ಲಾಸ್ಟಿಕ್ ಪ್ಯಾಲೆಟ್‌ಗೂ ಪ್ಲೈವುಡ್ ಪ್ಯಾಲೆಟ್‌ಗೂ ಈ ನಿಯಮ ಇಲ್ಲ.

ತುಂಬಿ, ಟೇಪ್ ಹಚ್ಚಿ, ಆಮೇಲೆ ಅಳೆಯಿರಿ

ಬಾಕ್ಸಿನ ಅಳತೆಯನ್ನು ಕೊಟೇಶನ್ ನೋಡಿ ಬರೆದುಕೊಳ್ಳಬೇಡಿ. ನಿಮ್ಮ ಮಾಲನ್ನು ಅದರಲ್ಲಿ ತುಂಬಿ, ಟೇಪ್ ಹಚ್ಚಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಅಳೆಯಿರಿ. ತುಂಬಿದ ಬಾಕ್ಸಿಗೆ ಹೊಟ್ಟೆ ಬರುತ್ತದೆ. ಬದಿಯ ನಡುವೆ ನಾಲ್ಕೈದು ಮಿಲಿಮೀಟರ್ ಉಬ್ಬಿರುವುದು ಸಾಮಾನ್ಯ. ಅಂಚಿನಲ್ಲಿ ಅಳೆದರೆ ಈ ಉಬ್ಬು ಸಿಗುವುದಿಲ್ಲ, ನಡುವೆಯೂ ಅಳೆಯಬೇಕು. ಒಂದು ಬಾಕ್ಸ್ ಸಾಲದು, ಐದಾರು ಬಾಕ್ಸ್ ಅಳೆದು ಎಲ್ಲಕ್ಕಿಂತ ದೊಡ್ಡ ಅಳತೆಯನ್ನು ಹಿಡಿಯಿರಿ.

ನಾನು ಮಾಡುವ ಇನ್ನೊಂದು ಕೆಲಸ: ನಾಲ್ಕು ಬಾಕ್ಸ್‌ಗಳನ್ನು ಗೋಡೆಗೆ ಒತ್ತಿ ಒಂದೇ ಸಾಲಿನಲ್ಲಿ ಇಟ್ಟು, ಒಟ್ಟು ಉದ್ದ ಅಳೆದು ನಾಲ್ಕರಿಂದ ಭಾಗಿಸುತ್ತೇನೆ. ಇದೇ ನಿಜವಾದ ಅಳತೆ. ಪ್ಯಾಲೆಟ್ ಮೇಲೆ ಬಾಕ್ಸ್‌ಗಳು ಒಂದಕ್ಕೊಂದು ಒತ್ತಿಕೊಂಡೇ ಕೂರುತ್ತವೆ ಅಲ್ವಾ?

ತೂಕವನ್ನೂ ಆಗಲೇ ಬರೆದಿಟ್ಟುಕೊಳ್ಳಿ. ಆಲೆ ಮರದ ಗೊಂಬೆ ಹಗುರ. ನಮ್ಮ 400 × 300 × 250 ಬಾಕ್ಸು ತುಂಬಿದ ಮೇಲೂ 7 ಕೆ.ಜಿ. ದಾಟುತ್ತಿರಲಿಲ್ಲ.

ಒಂದು ಪದರದ ಲೆಕ್ಕ

ಜೀವ ಇರುವುದು ಇಲ್ಲೇ. ಇಲ್ಲಿ ತಪ್ಪಿದರೆ ಆ ತಪ್ಪು ಎಷ್ಟು ಪದರ ಇದೆಯೋ ಅಷ್ಟು ಪಟ್ಟು ಆಗುತ್ತದೆ.

ಮೊದಲ ಭಾಗಾಕಾರ. ಬಾಕ್ಸಿನ ಉದ್ದವನ್ನು ಪ್ಯಾಲೆಟ್ಟಿನ ಉದ್ದಕ್ಕೆ ಇಡಿ. 1200 ಭಾಗಿಸು 400 ಅಂದರೆ 3. 1000 ಭಾಗಿಸು 300 ಅಂದರೆ 3.33. ಉಳಿದ ಚೂರನ್ನು ಬಿಟ್ಟುಬಿಡಿ, 3 ಅಂತಲೇ ತಗೊಳ್ಳಿ. ಮೂರು ಮೂರಲಿ ಒಂಬತ್ತು.

ಎರಡನೇ ಭಾಗಾಕಾರ. ಬಾಕ್ಸನ್ನು ಅಡ್ಡ ತಿರುಗಿಸಿ. 1200 ಭಾಗಿಸು 300 ಅಂದರೆ 4. 1000 ಭಾಗಿಸು 400 ಅಂದರೆ 2.5, ಅಂದರೆ 2. ನಾಲ್ಕೆರಡಲಿ ಎಂಟು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ಒಂಬತ್ತು ಅಂತ ಬರೆದುಕೊಳ್ಳುತ್ತಾರೆ. ಆದರೆ ಪ್ಯಾಲೆಟ್ಟಿನ ವಿಸ್ತೀರ್ಣವನ್ನು ಬಾಕ್ಸಿನ ವಿಸ್ತೀರ್ಣದಿಂದ ಭಾಗಿಸಿ ನೋಡಿ: 12,00,000 ಭಾಗಿಸು 1,20,000 ಅಂದರೆ 10. ಇದು ಮೇಲಿನ ಮಿತಿ. ಇದಕ್ಕಿಂತ ಜಾಸ್ತಿ ಎಂದೂ ಕೂರುವುದಿಲ್ಲ. ನಮಗೆ ಸಿಕ್ಕಿದ್ದು 9, ಮಿತಿ 10. ಎರಡರ ನಡುವೆ ಅಂತರ ಇದೆ ಅಂದರೆ ಇನ್ನೊಂದು ದಾರಿ ಹುಡುಕಬಹುದು ಅಂತ ಅರ್ಥ.

ಆ ದಾರಿ ಎಂದರೆ ಬೆರೆಸಿ ಇಡುವುದು. 1000 ಮಿ.ಮೀ. ಅಗಲವನ್ನು 400 ಮತ್ತು 300ರ ಪಟ್ಟಿಗಳಾಗಿ ಒಡೆಯಿರಿ. 400 + 300 + 300 ಅಂದರೆ ಸರಿಯಾಗಿ 1000. ಈಗ 400ರ ಪಟ್ಟಿಯಲ್ಲಿ ಬಾಕ್ಸ್‌ಗಳು ಅಡ್ಡ ನಿಲ್ಲುತ್ತವೆ, 1200ರ ಉದ್ದದಲ್ಲಿ 300ರಂತೆ 4 ಬಾಕ್ಸ್. 300ರ ಎರಡೂ ಪಟ್ಟಿಯಲ್ಲಿ ಬಾಕ್ಸ್‌ಗಳು ಉದ್ದಕ್ಕೆ ಮಲಗುತ್ತವೆ, 400ರಂತೆ ಮೂರು ಮೂರು. 4 + 3 + 3 ಅಂದರೆ 10. ಒಂದು ಬೆರಳು ತೂರುವಷ್ಟೂ ಜಾಗ ಉಳಿಯುವುದಿಲ್ಲ.

ನಿಮ್ಮ ಬಾಕ್ಸಿಗೂ ಹೀಗೇ ಮಾಡಿ. ಮೊದಲು ಪ್ಯಾಲೆಟ್ಟಿನ ಅಗಲವನ್ನು ಬಾಕ್ಸಿನ ಉದ್ದ ಮತ್ತು ಅಗಲದಿಂದ ಎಷ್ಟು ರೀತಿ ಕೂಡಿಸಬಹುದು ಅಂತ ಬರೆಯಿರಿ. ಆಮೇಲೆ ಪ್ಯಾಲೆಟ್ಟಿನ ಉದ್ದವನ್ನೂ ಹಾಗೇ ಕೂಡಿಸಿ ನೋಡಿ. ಈ ಎರಡನೆಯದನ್ನು ಜನ ಮರೆಯುತ್ತಾರೆ. ನನ್ನ 410 × 310 ಬಾಕ್ಸ್‌ಗೆ ಕೈ ಹಿಡಿದದ್ದು ಅದೇ. ಅಗಲದ ಕಡೆಯಿಂದ 410 + 310 + 310 ಮಾಡಿದರೆ 1030, ಪ್ಯಾಲೆಟ್ ಮೀರುತ್ತದೆ. ಸೀದಾ ಇಟ್ಟರೂ ಅಡ್ಡ ಇಟ್ಟರೂ 6 ಮಾತ್ರ. ಉದ್ದದ ಕಡೆಯಿಂದ 410 + 410 + 310 ಅಂದರೆ 1130, ಹಿಡಿಸುತ್ತದೆ. 410ರ ಎರಡು ಕಂಬಸಾಲಿನಲ್ಲಿ ಮೂರು ಮೂರು, 310ರ ಸಾಲಿನಲ್ಲಿ ಎರಡು. ಒಟ್ಟು 8.

ತಲೆಯಲ್ಲಿ ಇದನ್ನು ಮಾಡುವುದು ಕಷ್ಟ ಅನ್ನಿಸಿದರೆ ಹಳೇ ಮದುವೆ ಕಾರ್ಡು ತಗೊಳ್ಳಿ. ಹತ್ತರಲ್ಲಿ ಒಂದರ ಅಳತೆಗೆ, ಅಂದರೆ 40 × 30 ಮಿ.ಮೀ. ಚೂರುಗಳನ್ನು ಹನ್ನೆರಡು ಕತ್ತರಿಸಿ. 120 × 100 ಮಿ.ಮೀ. ಚೌಕಟ್ಟು ಬರೆದು ಅದರೊಳಗೆ ಜೋಡಿಸುತ್ತಾ ಹೋಗಿ. ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಲೋಡಿಂಗ್ ಹುಡುಗರು ನನಗಿಂತ ಬೇಗ ಹುಡುಕುತ್ತಿದ್ದರು. ದಿನಾ ಬಾಕ್ಸ್ ಎತ್ತುವ ಕೈಗೆ ಯಾವುದು ಎಲ್ಲಿ ಕೂರುತ್ತದೆ ಅಂತ ಗೊತ್ತಿರುತ್ತದೆ. ಅವರನ್ನೂ ಕೂರಿಸಿಕೊಂಡೇ ಮಾಡಿ.

ಹೊರಗೆ ಚೂರು ಚಾಚಿದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ರಟ್ಟಿನ ಬಾಕ್ಸಿನ ಬಲ ಇರುವುದು ಅದರ ನಾಲ್ಕು ಮೂಲೆಗಳಲ್ಲಿ. ಮೂಲೆ ಗಾಳಿಯಲ್ಲಿ ನಿಂತರೆ ಭಾರ ಹೊರುವವರೇ ಇಲ್ಲ. ಎರಡು ಮೂರು ಸೆಂಟಿಮೀಟರ್ ಚಾಚಿದರೂ ಬಾಕ್ಸಿನ ಬಲದಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗಬಹುದು. ಜೊತೆಗೆ ಫೋರ್ಕ್‌ಲಿಫ್ಟ್ ಪಕ್ಕದ ಪ್ಯಾಲೆಟ್ ತಳ್ಳುವಾಗ ಮೊದಲು ಹರಿಯುವುದು ಚಾಚಿದ ಬಾಕ್ಸೇ.

ಎತ್ತರ: ಎಷ್ಟು ಪದರ?

ಒಟ್ಟು ಎತ್ತರದ ಮಿತಿಯಿಂದ ಪ್ಯಾಲೆಟ್ಟಿನ ಎತ್ತರ ಕಳೆಯಿರಿ. ಉಳಿದದ್ದನ್ನು ಬಾಕ್ಸಿನ ಎತ್ತರದಿಂದ ಭಾಗಿಸಿ. ಉದಾಹರಣೆಗೆ ಮಿತಿ 1800 ಮಿ.ಮೀ., ಪ್ಯಾಲೆಟ್ 150. ಉಳಿದದ್ದು 1650. ಬಾಕ್ಸಿನ ಎತ್ತರ 250 ಆದರೆ 6.6 ಬರುತ್ತದೆ, ಅಂದರೆ 6 ಪದರ. ಹತ್ತಾರಲಿ 60 ಬಾಕ್ಸ್. ಮೇಲೆ 150 ಮಿ.ಮೀ. ಖಾಲಿ.

ಆ ಖಾಲಿ ಜಾಗ ನನಗೆ ಸಹಿಸಲು ಆಗುವುದಿಲ್ಲ. ಬಾಕ್ಸಿನ ಎತ್ತರವನ್ನು ಎರಡು ಸೆಂಟಿಮೀಟರ್ ಇಳಿಸಿ 230 ಮಾಡಿ ನೋಡಿ. ಏಳು ಪದರಕ್ಕೆ 1610, ಪ್ಯಾಲೆಟ್ ಸೇರಿ 1760. ಈಗ 70 ಬಾಕ್ಸ್. ಪ್ರತಿ ಬಾಕ್ಸಿನಲ್ಲಿ ಮಾಲು ಸ್ವಲ್ಪ ಕಡಿಮೆ ಹಿಡಿಸುತ್ತದೆ, ನಿಜ. ಆದರೆ ಪ್ಯಾಲೆಟ್ಟಿನ ಮೇಲೆ ಒಟ್ಟು ಮಾಲಿನ ಜಾಗ ಶೇ 7ರಷ್ಟು ಹೆಚ್ಚಾಯಿತು. 235 ಇಟ್ಟರೂ ಲೆಕ್ಕದಲ್ಲಿ ಏಳು ಪದರ ಬರುತ್ತದೆ, 1795 ಆಗುತ್ತದೆ. ಆದರೆ ಅದು ಬೇಡ. ಪದರಕ್ಕೆ ಎರಡು ಮಿಲಿಮೀಟರ್ ಉಬ್ಬಿದರೂ ಮಿತಿ ದಾಟಿತು.

ಬಾಕ್ಸನ್ನು ಮಗ್ಗುಲಿಗೆ ಮಲಗಿಸಿ ಜಾಗ ಉಳಿಸುವ ಯೋಚನೆ ಬಂದರೆ ಒಂದು ವಿಷಯ ನೆನಪಿಡಿ. ರಟ್ಟಿನೊಳಗಿನ ಅಲೆಯಂಥ ಮಡಿಕೆಗಳು ನೆಟ್ಟಗೆ ನಿಂತಿರುವಾಗಲೇ ಬಾಕ್ಸಿಗೆ ಬಲ. ಮಲಗಿಸಿದರೆ ಆ ಬಲ ಹೋಗುತ್ತದೆ.

ತೂಕ, ಮತ್ತು ತಳದಲ್ಲಿರುವ ಬಾಕ್ಸ್

ಗೊಂಬೆಗೆ ಎತ್ತರವೇ ಮಿತಿ. ಆದರೆ ಗಾಜಿನ ಬಾಟಲಿಯ ಮಾಲಿಗೆ ತೂಕ ಮಿತಿ. ಕರ್ನಾಟಕದಿಂದ ಹೊರಗೆ ಹೋಗುವ ಗರ್ಕಿನ್ ಸೌತೆಯನ್ನೇ ತಗೊಳ್ಳಿ. ಗಾಜಿನ ಜಾರ್‌ಗಳು ತುಂಬಿದ ಒಂದು ಬಾಕ್ಸ್ 360 × 270 × 180 ಮಿ.ಮೀ., ತೂಕ 13 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಸೀದಾ ಇಟ್ಟರೆ ಪದರಕ್ಕೆ 9, ಅಡ್ಡ ಇಟ್ಟರೆ 8. ಬೆರೆಸಿದರೆ 360 + 360 + 270 ಅಂದರೆ 990, ಪದರಕ್ಕೆ 4 + 4 + 3, ಒಟ್ಟು 11. ಎತ್ತರದ ಲೆಕ್ಕದಲ್ಲಿ 9 ಪದರ, 99 ಬಾಕ್ಸ್. ಚೆನ್ನಾಗಿ ಕಾಣುತ್ತದೆ. ತೂಕ ಮಾಡಿ: 1287 ಕೆ.ಜಿ., ಪ್ಯಾಲೆಟ್ ಬೇರೆ. ತಗೊಳ್ಳುವವರು ಒಂದು ಟನ್ ಮೀರಬಾರದು ಅಂದಿದ್ದರೆ? ಪ್ಯಾಲೆಟ್ಟಿನ 25 ಕೆ.ಜಿ. ಕಳೆದು 975. ಪದರಕ್ಕೆ 143 ಕೆ.ಜಿ. ಭಾಗಿಸಿದರೆ 6.8, ಅಂದರೆ 6 ಪದರ, 66 ಬಾಕ್ಸ್. ಎತ್ತರ 99 ಅಂದಿತು, ತೂಕ 66 ಅಂದಿತು. ಎರಡರಲ್ಲಿ ಚಿಕ್ಕದೇ ನಿಮ್ಮ ಉತ್ತರ.

ಇನ್ನು ತಳದ ಬಾಕ್ಸ್. ಆರು ಪದರದ ಗೊಂಬೆ ಪ್ಯಾಲೆಟ್ಟಿನಲ್ಲಿ ಕೆಳಗಿನ ಬಾಕ್ಸಿನ ಮೇಲೆ ಐದು ಬಾಕ್ಸ್‌ಗಳ ಭಾರ ಇದೆ. ಐದೇಳಲಿ 35 ಕೆ.ಜಿ. ಹಾಗಂತ 35 ಕೆ.ಜಿ. ತಡೆಯುವ ಬಾಕ್ಸ್ ಸಾಕಾಗುವುದಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಆ ಭಾರ ಹೊತ್ತಿರಬೇಕು, ಸಮುದ್ರದ ತೇವಕ್ಕೆ ರಟ್ಟು ಮೆತ್ತಗಾಗುತ್ತದೆ, ಲಾರಿ ಕುಲುಕುತ್ತದೆ. ಆದ್ದರಿಂದ ನಾಲ್ಕೈದು ಪಟ್ಟು ಲೆಕ್ಕ ಹಿಡಿಯಿರಿ. 35ಕ್ಕೆ ನಾಲ್ಕು ಪಟ್ಟು 140 ಕೆ.ಜಿ. ಬಾಕ್ಸ್ ಮಾಡುವವರ ಹತ್ತಿರ ಮೇಲಿಂದ ಒತ್ತಿ ನೋಡುವ ಕಂಪ್ರೆಷನ್ ಪರೀಕ್ಷೆಯ ವರದಿ ಕೇಳಿ. ಕೊಡುವವರ ಹತ್ತಿರವೇ ಬಾಕ್ಸ್ ಮಾಡಿಸಿ.

ಪದರಗಳನ್ನು ಹೇಗೆ ಏರಿಸುವುದು ಅನ್ನೋದೂ ಇದಕ್ಕೇ ಸೇರಿದ್ದು. ಒಂದರ ಮೇಲೊಂದು ಸರಿಯಾಗಿ ಕಂಬದ ಹಾಗೆ ಇಟ್ಟರೆ ಮೂಲೆಯ ಮೇಲೆ ಮೂಲೆ ಬರುತ್ತದೆ, ಭಾರ ಚೆನ್ನಾಗಿ ಇಳಿಯುತ್ತದೆ. ಆದರೆ ಕಂಬಗಳು ಬೇರೆ ಬೇರೆಯಾಗಿ ವಾಲುತ್ತವೆ. ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಪದರ ಬಿಟ್ಟು ಪದರ ತಿರುಗಿಸಿದರೆ ಹಿಡಿತ ಜಾಸ್ತಿ, ಬಲ ಕಡಿಮೆ. ಬಾಕ್ಸಿನ ಬಲ ಸುಮಾರು ಅರ್ಧಕ್ಕೆ ಇಳಿಯುವುದೂ ಉಂಟು. ನಾನು ಕೆಳಗಿನ ನಾಲ್ಕು ಪದರವನ್ನು ಕಂಬದ ಹಾಗೆ ಇಟ್ಟು, ಮೇಲಿನ ಎರಡನ್ನು ಮಾತ್ರ ತಿರುಗಿಸುತ್ತೇನೆ. ತಳಕ್ಕೆ ಭಾರ ಹೊರುವ ಶಕ್ತಿ, ತಲೆಗೆ ಹಿಡಿತ. ಆಮೇಲೆ ನಾಲ್ಕು ಮೂಲೆಗೆ ರಟ್ಟಿನ ಕೋನಪಟ್ಟಿ ಕೊಟ್ಟು, ಪ್ಯಾಲೆಟ್ಟಿನ ಮರವನ್ನೂ ಸೇರಿಸಿ ಸ್ಟ್ರೆಚ್ ಫಿಲ್ಮ್ ಸುತ್ತಬೇಕು. ಮರ ಬಿಟ್ಟು ಬರೀ ಬಾಕ್ಸಿಗೆ ಸುತ್ತಿದರೆ ಇಡೀ ಗಂಟು ಪ್ಯಾಲೆಟ್ ಮೇಲಿಂದ ಜಾರುತ್ತದೆ. ಪ್ಯಾಲೆಟ್ಟಿನ ಹಲಗೆಗಳ ನಡುವೆ ಸಂದು ದೊಡ್ಡದಿದ್ದರೆ ಮೊದಲು ಒಂದು ರಟ್ಟಿನ ಹಾಳೆ ಹಾಸಿ. ಬಾಕ್ಸಿನ ಮೂಲೆ ಸಂದಿನೊಳಗೆ ಇಳಿಯಬಾರದು.

ಕಂಟೇನರ್ ಒಳಗೂ ಅದೇ ಆಟ

20 ಅಡಿ ಕಂಟೇನರಿನ ಒಳಗೆ ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ, 2.39 ಮೀಟರ್ ಎತ್ತರ ಇರುತ್ತದೆ. ಬಾಗಿಲಿನ ಎತ್ತರ ಮಾತ್ರ ಇನ್ನೂ ಕಡಿಮೆ, ಸುಮಾರು 2.28 ಮೀಟರ್. ಪ್ಯಾಲೆಟ್ ಹೋಗಬೇಕಾದ್ದು ಬಾಗಿಲಿನಿಂದಲೇ. ಫೋರ್ಕ್‌ಲಿಫ್ಟ್ ಅದನ್ನು ಸ್ವಲ್ಪ ಎತ್ತಿಯೇ ಒಳಗೆ ತಳ್ಳುತ್ತದೆ, ಹಾಗಾಗಿ ಹತ್ತು ಸೆಂಟಿಮೀಟರ್ ಆದರೂ ಬಿಡುವಿರಲಿ.

1200 × 1000 ಪ್ಯಾಲೆಟ್‌ಗಳನ್ನು ಒಂದು ಸಾಲು ಉದ್ದಕ್ಕೆ, ಇನ್ನೊಂದು ಸಾಲು ಅಡ್ಡಕ್ಕೆ ಇಟ್ಟರೆ 4 + 5, ಒಂಬತ್ತೇ ಆಗುತ್ತವೆ. ಹತ್ತು ಕೂರಿಸಬೇಕಾದರೆ ಬಾಕ್ಸಿಗೆ ಮಾಡಿದ ಹಾಗೆ ಇಲ್ಲೂ ಬೆರೆಸಬೇಕು. ಎಡ ಸಾಲಿನಲ್ಲಿ ಮೊದಲ ಎರಡು ಅಡ್ಡ, ಆಮೇಲೆ ಮೂರು ಉದ್ದ: 1000 + 1000 + 1200 + 1200 + 1200, ಒಟ್ಟು 5600. ಬಲ ಸಾಲಿನಲ್ಲಿ ಮೊದಲ ಎರಡು ಉದ್ದ, ಆಮೇಲೆ ಮೂರು ಅಡ್ಡ: ಒಟ್ಟು 5400. ಅಡ್ಡ ಇಟ್ಟ ಎರಡು ಪ್ಯಾಲೆಟ್ ಎಲ್ಲೂ ಎದುರು ಬದುರು ಬರುವುದಿಲ್ಲ, ಆದ್ದರಿಂದ ಅಗಲ 2200ರಲ್ಲೇ ನಿಲ್ಲುತ್ತದೆ. ಎದುರು ಬದುರು ಬಂದರೆ 2400 ಆಗಿ ಸಿಕ್ಕಿಹಾಕಿಕೊಳ್ಳುತ್ತದೆ. ಯೂರೋ ಪ್ಯಾಲೆಟ್ ಆದರೆ ಒಂದು ಸಾಲಿನಲ್ಲಿ 7 ಅಡ್ಡ, ಇನ್ನೊಂದರಲ್ಲಿ 4 ಉದ್ದ, ಒಟ್ಟು 11.

ಈ ಚಿತ್ರವನ್ನು ಒಂದು ಹಾಳೆಯಲ್ಲಿ ಬರೆದು ಲೋಡಿಂಗ್ ಮಾಡುವವರ ಕೈಗೆ ಕೊಡಿ. ಬಾಯಲ್ಲಿ ಹೇಳಿದರೆ ಮೂರನೇ ಪ್ಯಾಲೆಟ್ ಹೊತ್ತಿಗೆ ತಪ್ಪುತ್ತದೆ.

ಪ್ಯಾಲೆಟ್ ಬೇಕೇ ಬೇಕಾ ಅಂತಲೂ ಒಮ್ಮೆ ಕೇಳಿಕೊಳ್ಳಿ. ಅದೇ 400 × 300 × 250 ಬಾಕ್ಸ್‌ಗಳನ್ನು ಪ್ಯಾಲೆಟ್ ಇಲ್ಲದೆ ನೇರವಾಗಿ ಕಂಟೇನರಿನಲ್ಲಿ ಜೋಡಿಸಿದರೆ ನೆಲಕ್ಕೆ 14 × 7, ಅಂದರೆ 98, ಎತ್ತರಕ್ಕೆ 9 ಪದರ, ಒಟ್ಟು 882. ಪ್ಯಾಲೆಟ್ ಮೇಲೆ 600. ಹಗುರ ಮಾಲಿಗೆ ಈ ಅಂತರ ದೊಡ್ಡದು. ಆದರೆ ಆ ಕಡೆ 882 ಬಾಕ್ಸನ್ನು ಕೈಯಲ್ಲಿ ಇಳಿಸುವ ಕೂಲಿ ಯಾರದು ಅಂತ ಮೊದಲೇ ಮಾತಾಡಿಕೊಂಡಿರಬೇಕು. ಗಾಜು, ಗೊಂಬೆಯಂಥ ಮಾಲಿಗೆ ನಾನು ಪ್ಯಾಲೆಟ್ಟೇ ಆರಿಸುತ್ತೇನೆ. ಪ್ರತಿ ಸಲ ಕೈ ಬದಲಾದಾಗಲೂ ಒಂದೆರಡು ಬಾಕ್ಸ್ ಬೀಳುತ್ತವೆ.

ಪೂರ್ತಿ ಕಂಟೇನರ್ ಅಲ್ಲದೆ ಬೇರೆಯವರ ಮಾಲಿನ ಜೊತೆ ಕಳಿಸುವುದಾದರೆ ಬಾಡಿಗೆ ಸಿಬಿಎಂ, ಅಂದರೆ ಘನ ಮೀಟರ್ ಲೆಕ್ಕದಲ್ಲಿ ಬರುತ್ತದೆ. 60 ಬಾಕ್ಸ್‌ಗಳ ಘನ ಅಳತೆ 1.8. ಆದರೆ ನೀವು ಬಾಡಿಗೆ ಕಟ್ಟುವುದು ಪ್ಯಾಲೆಟ್ ಸೇರಿ 1.2 × 1.0 × 1.65, ಅಂದರೆ 1.98ಕ್ಕೆ. ಫಾರ್ವರ್ಡರ್‌ಗೆ (ಮಾಲು ಸಾಗಿಸಿಕೊಡುವ ಏಜೆಂಟರಿಗೆ) ಅಳತೆ ಕೊಡುವಾಗ ಈ ಎರಡನೇ ಅಂಕಿಯನ್ನೇ ಕೊಡಿ. ತೂಕಕ್ಕೂ ಹಾಗೇ: 420 ಕೆ.ಜಿ. ಮಾಲು, 25 ಕೆ.ಜಿ. ಪ್ಯಾಲೆಟ್, ಒಟ್ಟು 445. ಹಡಗಿಗೆ ಏರುವ ಪ್ರತಿ ತುಂಬಿದ ಕಂಟೇನರಿನ ತೂಕವನ್ನು ದೃಢಪಡಿಸಿ ಕೊಡಬೇಕು ಅನ್ನುವ ನಿಯಮ 2016ರ ಜುಲೈ 1ರಿಂದ ಇದೆ. ಪ್ಯಾಲೆಟ್ಟಿನ ಮರವೂ ಆ ತೂಕದಲ್ಲಿ ಸೇರಬೇಕು.

ಮುಂದಿನ ಸಲ ಬಾಕ್ಸ್ ಆರ್ಡರ್ ಕೊಡುವಾಗ

ಮಾಲು ನೋಡಿ ಬಾಕ್ಸ್ ಮಾಡಿಸಿ, ಆಮೇಲೆ ಪ್ಯಾಲೆಟ್‌ಗೆ ಹೊಂದಿಸುವುದು ನಮ್ಮೆಲ್ಲರ ಅಭ್ಯಾಸ. ನಾನೀಗ ಅದನ್ನು ತಿರುಗಿಸಿದ್ದೇನೆ. ಮೊದಲು ಪ್ಯಾಲೆಟ್, ಅದರಿಂದ ಬಾಕ್ಸ್, ಬಾಕ್ಸಿನಿಂದ ಒಳಗಿನ ಸಣ್ಣ ಡಬ್ಬಿ.

1200 × 1000ಕ್ಕೆ ಪದರಕ್ಕೆ 10 ಬೇಕು ಅಂದರೆ ಹೊರ ಅಳತೆ 400 × 300 ಅಂತ ಬರೆಯಬೇಡಿ, 395 × 295 ಅಂತ ಬರೆಯಿರಿ. ನಾಲ್ಕು 295 ಅಂದರೆ 1180, ಮೂರು 395 ಅಂದರೆ 1185. 395 + 295 + 295 ಅಂದರೆ 985. ಉದ್ದದಲ್ಲೂ ಅಗಲದಲ್ಲೂ ಒಂದೂವರೆ ಸೆಂಟಿಮೀಟರ್ ಆದರೂ ಬಿಡುವು ಸಿಗುತ್ತದೆ. ಬಾಕ್ಸಿನ ಹೊಟ್ಟೆಗೂ ಪ್ಯಾಲೆಟ್ಟಿನ ಸಣ್ಣಪುಟ್ಟ ಕೊರತೆಗೂ ಅಷ್ಟು ಬೇಕು. 5 ಪ್ಲೈ ರಟ್ಟಾದರೆ ಒಳಗೆ ನಿಮಗೆ ಉಳಿಯುವುದು ಸುಮಾರು 385 × 285. ಗೊಂಬೆಯ ಡಬ್ಬಿಗಳನ್ನು ಆ ಅಳತೆಗೆ ಹೊಂದಿಸಿ. ಆರ್ಡರ್ ಹಾಳೆಯಲ್ಲಿ "ಹೊರ ಅಳತೆ" ಅನ್ನುವ ಎರಡು ಪದವನ್ನು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಒಳ ಅಳತೆಯನ್ನೂ ಬರೆಯಿರಿ.

ಪೂರ್ತಿ ಆರ್ಡರ್ ಕೊಡುವ ಮೊದಲು ಹತ್ತು ಬಾಕ್ಸ್ ಮಾತ್ರ ಮಾಡಿಸಿ ತರಿಸಿ. ಮಾಲು ತುಂಬಿ, ಟೇಪ್ ಹಚ್ಚಿ, ಗೋಡೌನಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ 1200 × 1000 ಗೆರೆ ಎಳೆದು ಅದರೊಳಗೆ ಕೂರಿಸಿ. ಹತ್ತೂ ಗೆರೆಯೊಳಗೆ ಕೂತರೆ ಉಳಿದ ಬಾಕ್ಸ್‌ಗಳನ್ನೂ ಮಾಡಿ ಅಂತ ಬಾಕ್ಸ್ ಮಾಡುವವರಿಗೆ ಫೋನ್ ಮಾಡಿ ಹೇಳಿ.